ರುಮಾಲಿನ ತನಕ ಎದ್ದ ಕೈ

ಪುಣೆಯಲ್ಲಿ ವಠಾರದಂಥ ಒಂದು ವಾಡೆಯಲ್ಲಿ ನಮ್ಮ ಪಕ್ಕದ ಖೋಲಿಯಲ್ಲಿದ್ದವರು ಬೆಳಗಾವಿ ಕಡೆಯ ಒಬ್ಬ ಹವಾಲ್ದಾರರು. ಮೊದಲ ಮಹಾಯುದ್ಧದಲ್ಲಿ ಭುಜಕ್ಕೆ ಗುಂಡು ತಾಗಿದ್ದರಿಂದ ಪಲ್ಟನ್ನು ಅವರನ್ನು ಮನೆಗೆ ಕಳಿಸಿತ್ತು. ಬಲಗೈ ಎದೆಗಿಂತ ಮೇಲೆ ಏಳುತ್ತಿರಲಿಲ್ಲ. ದಿನಾ ಬೆಳಿಗ್ಗೆ ಅವರು ಕಟ್ಟೆಯ ಮೇಲೆ ಕೂತರೆ, ಹೆಂಡತಿ ಹಿಂದೆ ನಿಂತು ತಲೆಗೆ ರುಮಾಲು ಸುತ್ತುತ್ತಿದ್ದರು. ಯಾರಾದರೂ ನೋಡಿದರೆ, "ಈ ಕೈ ಸರಕಾರಕ್ಕ ಕೊಟ್ಟೇನ್ರಿ," ಎನ್ನುತ್ತಿದ್ದರು ಹವಾಲ್ದಾರರು.

ಮಿಲಿಟರಿ ಡಾಕ್ಟರರು ಅದನ್ನು ಸಣ್ಣ ಊನವೆಂದು ಬರೆದು ಪಿಂಚಣಿ ಇಳಿಸಿದ್ದರು. ಹವಾಲ್ದಾರರು ಮೇಲ್ಮನವಿ ಹಾಕಿದರು. ಕಡೆಗೊಮ್ಮೆ ಕ್ಯಾಂಪಿನ ಮಿಲಿಟರಿ ಆಸ್ಪತ್ರೆಯಿಂದ ಮರುಪರೀಕ್ಷೆಗೆ ಕರೆ ಬಂತು. ಜೊತೆಗೆ ನಾನೂ ಹೋದೆ.

ಬೆಂಚಿನ ಮೇಲೆ ಕಾಯುತ್ತಿದ್ದಾಗ ಬಾಗಿಲು ತೆರೆದು ಡಾಕ್ಟರ್ ಕರ್ನಲ್ ಹೊರಬಂದ. ಹವಾಲ್ದಾರರು ದಿಗ್ಗನೆ ಎದ್ದು ಬೂಟು ಬಡಿದರು. ಬಲಗೈ ನೇರ ರುಮಾಲಿನ ತನಕ ಹೋಗಿ ನಿಂತಿತು. ನೋವಿಗೆ ತುಟಿ ಬಿಳುಚಿತು, ಸಲಾಮು ಮಾತ್ರ ಅಲುಗಲಿಲ್ಲ.

"ಹಾತ್ ತೋ ಠೀಕ್ ಹೈ," ಎಂದ ಕರ್ನಲ್. ಕೈ ಸರಿಯಿದೆ ಎಂದೇ ಕಾಗದದಲ್ಲೂ ಬರೆದ; ಮನವಿ ಅಲ್ಲಿಗೇ ಮುಗಿಯಿತು.

"ಕೈ ಯಾಕ ಎತ್ತಿದ್ರಿ?" ಎಂದು ದಾರಿಯಲ್ಲಿ ಕೇಳಿದೆ.

"ಸಾಹೇಬ್ರು ಎದುರಿಗೆ ಬಂದ್ರಲ್ರಿ," ಎಂದರು.

ಮರುದಿನ ಕಟ್ಟೆಯ ಮೇಲೆ ಕೂತು ಮತ್ತೆ, "ಈ ಕೈ ಸರಕಾರಕ್ಕ..." ಎಂದು ಶುರು ಮಾಡಿದರು.

"ಹಂಗಾದ್ರ ರುಮಾಲೂ ಸರಕಾರನ ಬಂದು ಸುತ್ಲಿ," ಎಂದರು ಹೆಂಡತಿ. ಆಮೇಲೆ ರುಮಾಲು ಕೈಗೆತ್ತಿಕೊಂಡು, ಗಂಡನ ಬೆನ್ನ ಹಿಂದೆ ಹೋಗಿ ನಿಂತರು.