ತಕರಾರು ಇದ್ದವರು ಹೇಳಬಹುದು

ಬೀದರಿನ ಆಸ್ಪತ್ರೆಯೊಂದರಲ್ಲಿ ನಾನು ನರ್ಸು. "ಏನೂ ಮುಚ್ಚಿಡಬ್ಯಾಡ್ರಿ, ಎಲ್ಲಾ ಹೇಳ್ರಿ" ಎಂದು ರೋಗಿಗಳನ್ನು ದಿನವೂ ಗದರಿಸುವ ಬಾಯಿ ನನ್ನದು. ಮದುವೆ ಗೊತ್ತಾದಾಗ ನಮ್ಮ ಭಾಲ್ಕಿಯ ಮನೆಯವರೆಲ್ಲ ಸೇರಿ ಆ ಬಾಯಿಗೇ ಬೀಗ ಹಾಕಲು ನೋಡಿದರು.

ನನಗೆ ಚಿಕ್ಕಂದಿನಿಂದ ಫಿಟ್ಸ್. ಗುಳಿಗೆ ತಪ್ಪಿಸುವುದಿಲ್ಲ, ಹಾಗಾಗಿ ಅದು ಬಂದು ಎಷ್ಟೋ ವರ್ಷಗಳಾದವು. ಹುಡುಗ ಔರಾದಿನ ಸಾಲಿ ಮಾಸ್ತರರು. ಫೋನಿನಲ್ಲಿ ಅವರಿಗೆ ಹೇಳಿಬಿಟ್ಟೆ.

"ನಂಗೇನೂ ಅಡ್ಡಿ ಇಲ್ಲರಿ. ಆದ್ರ ಅವ್ವಗ ಮದುವಿ ಆದ ಮ್ಯಾಲ ಹೇಳೋಣ" ಎಂದರು.

ಅಯ್ಯ! ಆ ಅವ್ವನ ಜೊತೆ ಒಂದೇ ಅಡುಗೆಮನೆಯಲ್ಲಿ ಬಾಳಬೇಕಾದವಳು ನಾನು. ನಮ್ಮ ಕಾಕಾನದೂ ಅದೇ ರಾಗ. "ನಾವೇನ್ ಸುಳ್ಳು ಹೇಳೀವೇನ? ಸುಮ್ನ ಅದೀವಿ, ಅಷ್ಟ. ಟೈಮ್ ನೋಡಿ ನಡೀಬೇಕವ್ವಾ." ಸಂಡೇ ಸ್ಕೂಲಿನಲ್ಲಿ ಊರ ಮಕ್ಕಳಿಗೆಲ್ಲ ಸತ್ಯ ಕಲಿಸಿದ ಅಪ್ಪ ಗೋಡೆ ಕಡೆ ನೋಡುತ್ತ ಕುಳಿತರು. ನನ್ನ ಮೈಯೆಲ್ಲ ಉರಿಯಿತು. ಮದುವೆ ಗೊತ್ತಾದರೆ ಸತ್ಯಕ್ಕೆ ರಜೆಯೇ?

ನಮ್ಮ ಚರ್ಚಿನಲ್ಲಿ ಮದುವೆಗೆ ಮೊದಲು, ಭಾನುವಾರದ ಆರಾಧನೆಯಲ್ಲಿ ಹುಡುಗ ಹುಡುಗಿಯ ಹೆಸರು ಓದಿ, ತಕರಾರು ಇದ್ದವರು ಹೇಳಬಹುದು ಎಂದು ಪಾಸ್ಟರು ಕೇಳುತ್ತಾರೆ. ಯಾರೂ ಏಳುವುದಿಲ್ಲ. ಕೆಮ್ಮು ಬಂದರೂ ಜನ ತಡೆದುಕೊಳ್ಳುತ್ತಾರೆ. ನಮ್ಮ ಹೆಸರು ಓದುವ ಭಾನುವಾರ ಔರಾದಿನವರೂ ಬಂದಿದ್ದರು. ಪಾಸ್ಟರು ಕೇಳಿದರು.

ನಾನು ಎದ್ದೆ.

ದನಿ ನಡುಗಲಿಲ್ಲ. "ತಕರಾರಲ್ಲರಿ, ಒಂದು ಮಾತು. ನಂಗ ಫಿಟ್ಸ್ ಅದ. ದಿನಾ ಗುಳಿಗಿ ತಗೋತೇನಿ. ಅತ್ತಿಯವರಿಗಿ ಇದು ಗೊತ್ತಿಲ್ಲ. ಕೇಳಿದ ಮ್ಯಾಲ ಈ ಮದುವಿ ಬ್ಯಾಡ ಅಂದ್ರ ನಂಗೇನೂ ಸಿಟ್ಟಿಲ್ಲ."

ನನ್ನ ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಕಾಕಾ ತಲೆಯ ಮೇಲೆ ಕೈ ಹೊತ್ತು ಕುಳಿತ. ಮದುವೆ ಮುರಿಯಿತು ಎಂದೇ ನಾನೂ ತಿಳಿದೆ. ಆದರೂ ಹೊರೆ ಇಳಿದಿತ್ತು.

ಹೆಂಗಸರ ಸಾಲಿನಲ್ಲಿ ಅತ್ತೆ ಎದ್ದು ನಿಂತರು. ನನ್ನನ್ನು ನೋಡಲಿಲ್ಲ, ಆಚೆ ಕುಳಿತಿದ್ದ ಮಗನನ್ನು ನೋಡಿದರು.

"ನಿಂಗ ಗೊತ್ತಿತ್ತೇನೋ?"

"ಹೂಂನವ್ವಾ" ಎಂದು ಮಾಸ್ತರರು ತಲೆ ತಗ್ಗಿಸಿದರು.

"ಪಾಸ್ಟರ್‌ರೇ, ಹುಡುಗಿ ಮ್ಯಾಲ ನಂದೇನೂ ತಕರಾರ ಇಲ್ಲರಿ. ನನ್ನ ಮಗನ ಮ್ಯಾಲ ಅದ. ಅದನ್ನ ಮನ್ಯಾಗ ನೋಡ್ಕೋತೇನಿ. ನೀವು ಮುಂದ ಓದ್ರಿ."

ಇಡೀ ಚರ್ಚು ನಕ್ಕಿತು, ಎಲ್ಲರಿಗಿಂತ ಜೋರಾಗಿ ಕಾಕಾ. ಗೆದ್ದ ಖುಷಿಯಲ್ಲಿ ಕೂಡುವುದನ್ನೇ ಮರೆತು ನಾನು ಹಾಗೇ ನಿಂತಿದ್ದೆ.

"ಕೂಡವ್ವಾ" ಎಂದರು ಅತ್ತೆ, ಅಲ್ಲಿಂದಲೇ. "ಇವತ್ತಿಂದು ಗುಳಿಗಿ ತಗೊಂಡಿ ಇಲ್ಲ?"