ಏರ್‌ಗನ್ನಿಗೆ ಕೊಬ್ಬರಿ ಎಣ್ಣೆ

ಹತ್ತು ಏರ್‌ಗನ್ನಿನ ಆರ್ಡರು ಕೈತಪ್ಪುವುದರಲ್ಲಿತ್ತು. ಎವರ್‌ಗ್ರೀನ್ ಎಂಬ ಫಾರ್ಮ್‌ಹೌಸ್ ಬಡಾವಣೆಯ ತೋಟದವರೆಲ್ಲರ ಪರವಾಗಿ ಮಾತಾಡಿದ್ದ ಹಾಸನದ ಡಾಕ್ಟರು, ಅಳಿಲಿನ ಕಾಟಕ್ಕೆಂದು ಮಾದರಿಗೆ ಒಯ್ದಿದ್ದ ಗನ್ನನ್ನು ಹೆಂಡತಿಯೊಂದಿಗೆ ನನ್ನ ಅಂಗಡಿಗೆ ವಾಪಸ್ ತಂದರು.

"ಸದ್ದೇ ಬರಲ್ಲ ಅಂದಿದ್ರಿ. ಅಳಿಲು ಹಾಗಿರಲಿ, ಪಕ್ಕದ ಮನೆಯವರೇ ಓಡಿಬಂದ್ರು."

ನಳಿಗೆಯ ತುದಿಯಲ್ಲಿ ಸದ್ದಡಗಿಸುವ ಮಾಡರೇಟರನ್ನು ಬಿಚ್ಚಿದೆ. ಒಳಗಿನ ಫೆಲ್ಟ್ ಬಟ್ಟೆಯಲ್ಲೆಲ್ಲ ಕೊಬ್ಬರಿ ಎಣ್ಣೆ ಚಳಿಗೆ ಹೆಪ್ಪುಗಟ್ಟಿತ್ತು.

"ತುಕ್ಕು ಹಿಡೀಬಾರ್ದು ಅಂತ ನಾನೇ ಬಿಟ್ಟೆ," ಎಂದರು ಆಕೆ. "ನಮ್ಮನೇಲಿ ತಲೆಗೂ ಅದೇ, ಹೊಲಿಗೆ ಮಿಷಿನ್ನಿಗೂ ಅದೇ."

"ಇದಕ್ಕೆ ಮಾತ್ರ ಬೇಡಮ್ಮ. ಫೆಲ್ಟು ಒಣಗಿದ್ರೇನೇ ಸದ್ದು ಹೀರೋದು."

ನಳಿಗೆಯ ಎಣ್ಣೆಯನ್ನೆಲ್ಲ ಒರೆಸಿ, ಹೊಸ ಫೆಲ್ಟು ಹಾಕಿ, ಹಿತ್ತಲಿನ ಮರಳುಮೂಟೆಗೆ ಹೊಡೆದು ತೋರಿಸಿದೆ. ಬೇಲಿಯ ಮೇಲಿದ್ದ ಗುಬ್ಬಿಯೂ ಕದಲಲಿಲ್ಲ. ಡಾಕ್ಟರು ನಕ್ಕು ಕೈ ಕುಲುಕಿದರು.

ಕೊನೆಗೆ ಹತ್ತು ಗನ್ನೂ ಮಾರಾಟವಾದವು. ಜೊತೆಗೆ ಇಪ್ಪತ್ತು ಫೆಲ್ಟು. ಆಕೆಯ ಕೈ ಸುಮ್ಮನಿರುತ್ತದೆಂದು ಡಾಕ್ಟರಿಗೂ ನಂಬಿಕೆಯಿರಲಿಲ್ಲ.