ಗೋಡೆಯ ಮೇಲಿನ ಸೀತಾಫಲ

ಮೊದಲೇ ಹೇಳಿಬಿಡುತ್ತೇನೆ, ಇಂಥದ್ದನ್ನೆಲ್ಲ ನಂಬುವ ಪೈಕಿ ನಾನಲ್ಲ. ಗೋಕಾಕದಲ್ಲಿ ಕಚೇರಿ ಇಟ್ಟುಕೊಂಡು ಮನೆಗಳ ನಕ್ಷೆ, ಒಳಾಂಗಣದ ಕೆಲಸ ಮಾಡಿಸುತ್ತ ಬಹಳ ವರ್ಷಗಳಾದವು. ಹುಕ್ಕೇರಿಯಲ್ಲೊಂದು ದವಾಖಾನೆಯ ಒಳವಿನ್ಯಾಸ ಮಾಡಿದ್ದೇನೆ, ಸಂಕೇಶ್ವರದಲ್ಲೊಂದು ಮಂಗಲ ಕಾರ್ಯಾಲಯ ಮಾಡಿದ್ದೇನೆ. ಮನೆ ಕಟ್ಟಿಸುವವರಲ್ಲಿ ಮುಕ್ಕಾಲು ಮಂದಿ ವಾಸ್ತು ವಾಸ್ತು ಎಂದು ಜೀವ ತಿನ್ನುತ್ತಾರೆ. ಒಲೆ ಒಂದು ಗೇಣು ಸರಿದರೆ ಮನೆತನವೇ ಮುಳುಗಿತು ಅನ್ನುವ ಹಾಗೆ. ಅವರೆದುರು ತಲೆಯಾಡಿಸಿ ಹಿಂದಿನಿಂದ ನಗುತ್ತಿದ್ದವನು ನಾನು. ಗೋಡೆಯೆಂದರೆ ಇಟ್ಟಿಗೆ ಮತ್ತು ಸಿಮೆಂಟು. ಬಾಗಿಲೆಂದರೆ ಗೋಡೆ ಕಟ್ಟುವಾಗ ಬಿಟ್ಟ ಜಾಗ. ಈಗಲೂ ಯಾರಾದರೂ ಕೇಳಿದರೆ ಇದನ್ನೇ ಹೇಳುತ್ತೇನೆ. ಆದರೆ ಮೂಡಲಗಿ ಕಡೆಯ ಆ ಒಂದು ಮನೆಯ ನೆನಪಾದರೆ ಮಾತು ಅಲ್ಲಿಗೇ ನಿಲ್ಲುತ್ತದೆ.

ಮನೆ ಮಾಳಪ್ಪನದು. ಕುರಿ ಸಾಕಿಕೊಂಡು, ಕಾಲುವೆಯ ನೀರು ಬಂದ ಮೇಲೆ ಕಬ್ಬು ಹಚ್ಚಿ ಗಟ್ಟಿಯಾದ ಮನುಷ್ಯ. ಊರೊಳಗಿನ ಹಳೆಯ ಮಣ್ಣಿನ ಮಾಳಿಗೆ ಮನೆ ಸೋರಿ ಸೋರಿ ಗೋಡೆ ಬಿರಿದಿತ್ತು. ಅದನ್ನು ಕೆಡವಿ, ಹೊಲದಲ್ಲಿ ಹೊಸದು ಕಟ್ಟಬೇಕೆಂದು ನನ್ನ ಹತ್ತಿರ ಬಂದ. ಆತನ ತಾಯಿ ಸತ್ಯವ್ವನಿಗೆ ಕಾಚಬಿಂದುವಿನಿಂದ ಎರಡೂ ಕಣ್ಣು ಹೋಗಿ ಹತ್ತಾರು ವರ್ಷವಾಗಿತ್ತು. ಆದರೂ ಹಳೆಯ ಮನೆಯಲ್ಲಿ ಆಕೆ ಯಾರ ಹಂಗೂ ಇಲ್ಲದೆ ಓಡಾಡುತ್ತಿದ್ದಳಂತೆ. ಒಲೆ ಹಚ್ಚುವುದು, ಸೆಗಣಿ ಹಾಕಿ ನೆಲ ಸಾರಿಸುವುದು, ಎಲ್ಲ ಆಕೆಯದೇ. ನಾನು ಮೊದಲ ಸಲ ಹೋದಾಗ ನನ್ನ ದನಿ ಬಂದ ಕಡೆ ಮುಖ ತಿರುಗಿಸಿ ಹೇಳಿದಳು:

"ತಮ್ಮಾ, ನೀ ಅರಮನಿ ಕಟ್ಟು, ಗುಡಸಲಾ ಕಟ್ಟು, ನನಗ ಎಲ್ಲಾ ಒಂದ. ಆದ್ರ ನನ್ನ ಕೈ ಹಿಡದು ಬಚ್ಚಲಕ್ಕ ಕರಕೊಂಡ ಹೋಗೂ ಹಂಗ ಆಗಬಾರದು. ಅಷ್ಟ ನೋಡು."

ಖರೆ ಹೇಳಬೇಕೆಂದರೆ ಆ ಮಾತು ನನಗೆ ನಾಟಿತು. ಅದುವರೆಗೆ ನಾನು ಕಣ್ಣಿಗಾಗಿಯೇ ಮನೆ ಮಾಡಿದವನು. ಈ ಸಲ ಕೈಗಾಗಿ ಮಾಡೋಣವೆಂದು ಹಟ ಹತ್ತಿತು. ಇಡೀ ಮನೆಯ ಗೋಡೆಗೆ ಸೊಂಟದೆತ್ತರದಲ್ಲಿ ಅಂಗೈ ಅಗಲದ ಒಂದು ಪಟ್ಟಿ ಹಾಕುವುದೆಂದು ಗೊತ್ತುಮಾಡಿದೆ. ಪಡಸಾಲೆಯಲ್ಲಿ ಉಳಿ ಹೊಡೆದ ಒರಟು ಕಲ್ಲು, ಅಡುಗೆಮನೆಯ ಕಡೆ ನುಣುಪು ಕಟ್ಟಿಗೆ, ಬಚ್ಚಲ ಕಡೆ ಸುಟ್ಟ ಇಟ್ಟಿಗೆ. ಕೈ ಆಡಿಸುತ್ತ ಹೋದರೆ ಎಲ್ಲಿದ್ದೇನೆ ಎಂಬುದು ತಿಳಿಯಬೇಕು. ಬಾಗಿಲುಗಳಿಗೆ ಗುರುತು ಬೇಕಲ್ಲ? ಗೋಕಾಕದ ಕಟ್ಟಿಗೆಯ ಹಣ್ಣುಗಳು ನಿಮಗೆ ಗೊತ್ತೇ ಇವೆ, ಕಣ್ಣಿದ್ದವರೇ ಕಚ್ಚಲು ಹೋಗುವಂಥವು. ಒಂದೊಂದು ಬಾಗಿಲಿನ ಬಾಜೂಕ್ಕೆ ಒಂದೊಂದು. ತಲಬಾಗಿಲಿಗೆ ಲಿಂಬೆ, ಅಡುಗೆಮನೆಗೆ ಮಾವು, ದೇವರಮನೆಗೆ ಪೇರಲ, ಆಕೆಯ ಕೋಣೆಗೆ ಬಾಳೆ, ಬಚ್ಚಲಿಗೆ ಬದನೆಕಾಯಿ. ಬದನೆಕಾಯಿ ಎಂದಾಗ ಸತ್ಯವ್ವ ಸೆರಗು ಬಾಯಿಗಿಟ್ಟುಕೊಂಡು ನಕ್ಕಿದ್ದಳು.

ಪಾಯ ತೋಡುವ ಮೊದಲು ಬಯಲು ನೆಲದ ಮೇಲೆ ಸುಣ್ಣದ ಪುಡಿಯಿಂದ ಮನೆಯ ಗೆರೆ ಹಾಕುತ್ತೇವೆ. ಎಲ್ಲಿ ಗೋಡೆ, ಎಲ್ಲಿ ಬಾಗಿಲು ಎಂಬುದೆಲ್ಲ ಅದರಲ್ಲಿ ಕಾಣುತ್ತದೆ, ಕಣ್ಣಿದ್ದವರಿಗೆ. ಗೆರೆ ಹಾಕಿ ಮುಗಿಸುವ ಹೊತ್ತಿಗೆ ಮಾಳಪ್ಪ ತಾಯಿಯನ್ನು ಗಾಡಿಯಲ್ಲಿ ಕರೆತಂದ. ಒಮ್ಮೆ ಸುತ್ತು ಹಾಕಿಸೋಣ, ಅಳತೆ ತಿಳಿಯಲಿ ಎಂದು ನಾನೇ ಕೈ ಚಾಚಿದೆ. ಆಕೆ ಕೊಡವಿಕೊಂಡು ಒಬ್ಬಳೇ ನಡೆದಳು. ಬಲಗೈಯನ್ನು ಇಲ್ಲದ ಗೋಡೆಯ ಮೇಲೆ ಆಡಿಸುತ್ತ, ಒಂದು ಗೆರೆಯನ್ನೂ ತುಳಿಯದೆ, ಬಾಗಿಲು ಇರುವಲ್ಲೆಲ್ಲ ನಿಂತು ಹಣ್ಣಿನ ಹೆಸರು ಹೇಳುತ್ತ ಹೋದಳು. ನಕ್ಷೆಯನ್ನು ನಾನು ಬಾಯಲ್ಲಿ ಹತ್ತು ಸಲ ವಿವರಿಸಿದ್ದೆ, ಚಲೋ ನೆನಪಿಟ್ಟುಕೊಂಡಿದ್ದಾಳೆ ಎಂದುಕೊಂಡೆ. ತನ್ನ ಕೋಣೆಯೊಳಗೆ ಹೋದವಳು ಹಿಂದಿನ ಗೋಡೆಯ ಗೆರೆಯ ಹತ್ತಿರ ನಿಂತಳು.

"ಇಲ್ಲಿ ಯಾವ ಹಣ್ಣ ಇಡತಿ?"

"ಅಲ್ಲಿ ಬಾಗಲಾ ಇಲ್ಲಬೇ ಆಯಿ. ಅದು ಗೋಡಿ. ಅದರಾಚೆ ಕಬ್ಬು."

"ಐತಿ ತಮ್ಮಾ. ಗಾಳಿ ಬರಾಕತ್ತೈತಿ, ನಿನಗ ಗೊತ್ತಾಗವಲ್ದೇನು?"

ನಾನು ನಕ್ಕುಬಿಟ್ಟೆ. ಬಯಲು ಜಾಗ, ನಾಲ್ಕೂ ಕಡೆಯಿಂದ ಗಾಳಿ. ಆಕೆ ನಗಲಿಲ್ಲ. ಸೀತಾಫಲ ಇಡು ಅಂದಳು. ಮಾಳಪ್ಪ ನನ್ನ ಕಿವಿಯ ಹತ್ತಿರ ಬಂದು, "ಹೂಂ ಅಂದಬಿಡ್ರಿ ಸಾಹೇಬ್ರ, ವಯಸ್ಸಾಗೇತಿ" ಅಂದ. ಹೂಂ ಅಂದೆ. ಬರೀ ಗೋಡೆಯ ಮೇಲೆ ಒಂದು ಹಣ್ಣು ಕೂತರೆ ಯಾರ ಗಂಟು ಹೋಗುತ್ತದೆ? ಗೋಕಾಕದ ಕುಶಲಕರ್ಮಿಯೊಬ್ಬರು ಉಬ್ಬುಬ್ಬಾಗಿ ಚೆಂದದ ಸೀತಾಫಲ ಮಾಡಿಕೊಟ್ಟರು. ಗೋಡೆ ಎದ್ದ ಮೇಲೆ ಅದನ್ನು ಆಕೆ ತೋರಿಸಿದ ಜಾಗದಲ್ಲಿಯೇ ಎರಡು ಸ್ಕ್ರೂ ಹಾಕಿ ಕೂರಿಸಿದೆ.

ಗೃಹಪ್ರವೇಶದ ದಿನ ಬೆಳಿಗ್ಗೆ ಸತ್ಯವ್ವ ಬೀಗರೆಲ್ಲರ ಎದುರು ಇಡೀ ಮನೆಯನ್ನು ಒಬ್ಬಳೇ ಸುತ್ತಿದಳು. ನನಗೆ ಎಷ್ಟು ಹಿಗ್ಗಾಯಿತೆಂದರೆ ಎರಡು ಹೋಳಿಗೆ ಹೆಚ್ಚಿಗೆ ತಿಂದೆ. ಊಟ ನಡೆದಿತ್ತು, ಬಿಸಿಲು ನೆತ್ತಿಯ ಮೇಲಿತ್ತು. ಸೊಸೆ ಬಂದು ಅತ್ತೆ ಕಾಣವಲ್ಲಳು ಅಂದಳು. ಮೊದಲು ಯಾರೂ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಆಮೇಲೆ ಯಾರೋ ಬಾವಿ ಅಂದರು. ಮನೆಯ ಹಿಂದೆ ಸ್ವಲ್ಪ ದೂರದಲ್ಲಿ ಕಟ್ಟೆಯಿಲ್ಲದ ಬಾವಿ. ಮಾಳಪ್ಪ ಎಂಜಲು ಕೈಯಲ್ಲೇ ಓಡಿದ. ಗಂಡಸರೆಲ್ಲ ಬಾವಿಯ ಸುತ್ತ, ಇಬ್ಬರು ನೀರಿಗಿಳಿದರು. ನಾನು ಮನೆಯೊಳಗೆ ಹುಡುಕಿದೆ. ಆ ಮನೆಯ ಮೂಲೆ ಮೂಲೆ ನನಗೆ ಗೊತ್ತು. ಆಕೆಯ ಕೋಣೆಗೆ ಎರಡು ಸಲ ಹೋದೆ. ಮಂಚದ ಕೆಳಗೆ ಬಗ್ಗಿ ನೋಡಿದೆ. ಹಿಂದಿನ ಗೋಡೆಗೆ ಮುಷ್ಟಿಯಿಂದ ಗುದ್ದಿಯೂ ನೋಡಿದೆ, ಯಾಕೆ ಗುದ್ದಿದೆನೋ ಗೊತ್ತಿಲ್ಲ. ಗಟ್ಟಿ ಗೋಡೆ.

ಕೋಣೆಯಿಂದ ಹೊರಬಂದು ಪಡಸಾಲೆಯಲ್ಲಿ ನಿಂತಿದ್ದೆ. ಆ ಕೋಣೆಗೆ ಇರುವುದು ಒಂದೇ ಬಾಗಿಲು, ಅದು ನನ್ನ ಕಣ್ಣೆದುರಿಗೇ ಇತ್ತು. ಒಳಗಿನಿಂದ ಬಳೆ ಸದ್ದಾಯಿತು. ಸತ್ಯವ್ವ ಬಾಳೆಹಣ್ಣಿನ ಮೇಲೆ ಎಡಗೈ ಇಟ್ಟು ಹೊಸ್ತಿಲು ದಾಟಿ ಬಂದಳು. ಬಲಗೈ ಮಣಿಕಟ್ಟಿನವರೆಗೆ ಹಸಿ ಸೆಗಣಿ. ಬಾವಿಯಿಂದ ಓಡಿ ಬಂದ ಮಾಳಪ್ಪ ಆಕೆಯನ್ನು ತಬ್ಬಿಕೊಂಡು ಹುಡುಗನ ಹಾಗೆ ಅತ್ತ.

"ಎಲ್ಲಿ ಹೋಗಿದ್ದೆಬೇ ಯವ್ವಾ?"

"ಎಲ್ಲಿ ಹೋಗ್ಲೋ? ಮನ್ಯಾಗ ಇದ್ದೆ. ಒಲಿ ಮುಂದ ನಾಕ ಕೈ ಸಾರಿಸೇನಿ, ಅಷ್ಟ."

ಹೊಸ ಮನೆಯಲ್ಲಿ ಗ್ಯಾಸಿನ ಒಲೆ, ನೆಲಕ್ಕೆಲ್ಲ ಟೈಲ್ಸು. ಸಾರಿಸುವ ನೆಲವಿದ್ದದ್ದು ಹಳೆಯ ಮನೆಯಲ್ಲಿ. ಅದನ್ನು ಕೆಡವಿ ವರ್ಷವಾಗಿತ್ತು. ದನದ ಕೊಟ್ಟಿಗೆ ಹಿತ್ತಲಲ್ಲಿದೆ ನಿಜ, ಆದರೆ ಅಷ್ಟೂ ಹೊತ್ತು ಜನ ಅಲ್ಲಿಯೇ ಇದ್ದರು. ಗಡಿಬಿಡಿಯಲ್ಲಿ ಯಾರ ಕಣ್ಣಿಗೂ ಬೀಳದೆ ಹೋಗಿ ಬಂದಿರಬಹುದು. ನಾನೂ ಹಾಗೆಯೇ ಅಂದುಕೊಳ್ಳಲು ನೋಡಿದ್ದೇನೆ.

ಸಂಜೆ ಮಾಳಪ್ಪ ನನ್ನನ್ನು ಬದಿಗೆ ಕರೆದ. "ಸಾಹೇಬ್ರ, ಆ ಹಣ್ಣ ತಗದಬಿಡ್ರಿ. ನನಗ ಹೆದರಿಕಿ ಆಗೇತಿ." ಎಂಥ ಹೆದರಿಕೆ, ಅದು ಗೋಡೆ ಮಾರಾಯ ಎಂದು ಬೈಯಬೇಕಾಗಿದ್ದವನು ನಾನು. ಬೈಯಲಿಲ್ಲ. ಸ್ಕ್ರೂ ಡ್ರೈವರ್ ತಂದು ಕೋಣೆಗೆ ಹೋದೆ. ಮಂಚದ ಮೇಲಿದ್ದ ಸತ್ಯವ್ವ ಮೊದಲನೆಯ ಸ್ಕ್ರೂ ತಿರುಗುವ ಸದ್ದಿಗೇ ಎದ್ದು ಕೂತಳು.

"ಯಾಕೋ ತಮ್ಮಾ, ಬಾಗಲಾ ಮುಚ್ಚತಿ?"

ನಾನು ಎರಡನೆಯದನ್ನೂ ಬಿಚ್ಚಿದೆ. ಮರುದಿನ ತೂತು ಮುಚ್ಚಿಸಿ ಬಣ್ಣ ಹಚ್ಚಿಸಿದೆ.

ತಿಂಗಳಾದ ಮೇಲೆ ಆ ಕಡೆ ಹೋದಾಗ ಮಾತಾಡಿಸಿ ಬರೋಣವೆಂದು ಒಳಗೆ ಹೋದೆ. ಹೆಜ್ಜೆ ಸದ್ದಿಗೇ ಗುರುತು ಹಿಡಿದಳು. "ಬಂದೇನು ತಮ್ಮಾ? ಚಾ ಕುಡದು ಹೋಗು" ಅಂದಳು, ಸಿಟ್ಟಿನ ಒಂದು ಮಾತೂ ಇಲ್ಲ. ಆಮೇಲೆ ಬಚ್ಚಲಿಗೆ ಹೋಗಬೇಕೆಂದು ಎದ್ದು, ಗಾಳಿಯಲ್ಲಿ ಕೈ ಚಾಚಿ ನಿಂತಳು. ಸೊಸೆ ಬಂದು ಕೈ ಹಿಡಿದಳು. ಕಲ್ಲು, ಕಟ್ಟಿಗೆ, ಇಟ್ಟಿಗೆ, ಮಾವು, ಬದನೆಕಾಯಿ ಎಲ್ಲ ಇದ್ದಲ್ಲೇ ಇದ್ದವು. ಒಂದನ್ನೂ ಆಕೆ ಮುಟ್ಟಲಿಲ್ಲ. ಆ ಹಣ್ಣು ತೆಗೆದಾಗಿನಿಂದ ಹೀಗೇ ಎಂದ ಮಾಳಪ್ಪ. ತೀರಿಹೋಗುವವರೆಗೂ ಹಾಗೆಯೇ ಇದ್ದಳಂತೆ.

ಆ ಸೀತಾಫಲ ನನ್ನ ಮೇಜಿನ ಖಾನೆಯಲ್ಲಿದೆ. ಆಕೆ ಎಲ್ಲಿಗೆ ಹೋಗಿ ಬಂದಳೆಂಬುದು ಗೊತ್ತಿಲ್ಲ, ಅದನ್ನು ಗೊತ್ತಿಲ್ಲವೆಂದು ಒಪ್ಪಿಕೊಂಡು ಸುಮ್ಮನಿರಬಲ್ಲೆ. ನನಗೆ ಬಗೆಹರಿಯದ್ದು ಬೇರೆ. ಅಲ್ಲಿ ಬಾಗಿಲೇ ಇರಲಿಲ್ಲವೆಂದು ನಂಬಿದವನು ನಾನು. ಹಾಗಿದ್ದರೆ ಅವತ್ತು ನಾನು ಮುಚ್ಚಿದ್ದೇನು?